ನಲ್ಲಿ ನೀರು: ನಂಬಿದ್ದೆಷ್ಟು, ನಿಜವೆಷ್ಟು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ. ಅಲ್ಲಿ ಶುದ್ಧವಾದ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪಾಗಿ, ಒಟ್ಟು 500 ಮೀಟರಿನಷ್ಟು ಎತ್ತರ ಹತ್ತಿ ಊರು ಸೇರಬೇಕು. 1974ರಲ್ಲಿ ಈ ಯೋಜನೆಯ ಮೊದಲ ಹಂತ ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಸೇರಿಕೊಂಡಿತು. ದೇಶದಲ್ಲಿ ಇಷ್ಟು ಕರೆಂಟು ಸುಟ್ಟು ಕುಡಿಯುವ ನೀರು ತರಿಸಿಕೊಳ್ಳುವ ಊರುಗಳು ಹೆಚ್ಚಿಲ್ಲ. ಹಾಗೆ ಬಂದ ನೀರನ್ನು ನಾವು ಅಡುಗೆಮನೆಯ ಗೋಡೆಯ ಮೇಲಿನ ಆರ್‌ಒ ಮಷಿನ್‌ಗೆ ಕೊಟ್ಟು, ಅದರ ಮುಕ್ಕಾಲು ಪಾಲನ್ನು ಸಿಂಕಿಗೆ ಬಿಡುತ್ತೇವೆ.

ಹಾಗಂತ ನಲ್ಲಿಗೆ ಬಾಯಿಟ್ಟು ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ನೀರು ಎಲ್ಲಿ ಕೆಡುತ್ತದೆ, ಏನು ಸೇರಿ ಕೆಡುತ್ತದೆ ಎಂದು ತಿಳಿಯದೆ ಮಷಿನ್ ಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ ನನ್ನ ತಕರಾರು. ಒಂದು ಕಡೆ ಅಗತ್ಯವೇ ಇಲ್ಲದವರು ಹದಿನೈದು ಸಾವಿರ ಸುರಿಯುತ್ತಾರೆ. ಇನ್ನೊಂದು ಕಡೆ ಮಷಿನ್ ನಿಜಕ್ಕೂ ಬೇಕಾದವರು ನೀರು ಕುದಿಸಿಕೊಂಡು ಸುರಕ್ಷಿತರೆಂದು ನೆಮ್ಮದಿಯಾಗಿರುತ್ತಾರೆ. ಈ ಎರಡೂ ತಪ್ಪಿಗೆ ಕಾರಣವಾಗುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಜಲಮಂಡಳಿಯವರು ಹೊಳೆ ನೀರಿಗೆ ಒಂದಿಷ್ಟು ಬ್ಲೀಚಿಂಗ್ ಪೌಡರ್ ಕಲಸಿ ಬಿಟ್ಟುಬಿಡುತ್ತಾರೆ

ವಾಸ್ತವ: ಕ್ಲೋರಿನ್ ಹಾಕುವುದು ಕೊನೆಯ ಮುಖ್ಯ ಹೆಜ್ಜೆ. ಅದಕ್ಕೂ ಮೊದಲು ದೊಡ್ಡ ಕೆಲಸ ನಡೆದಿರುತ್ತದೆ. ಹೊಳೆ ನೀರನ್ನು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಚೆಲ್ಲಿ ಗಾಳಿಗೆ ಒಡ್ಡುತ್ತಾರೆ. ಕರಗಿದ ಕಬ್ಬಿಣದಂಥವು ಹೊರಬೀಳುತ್ತವೆ, ಕೆಟ್ಟ ವಾಸನೆ ಹಾರುತ್ತದೆ. ಆಮೇಲೆ ಪಟಿಕವನ್ನೋ, ಅದರದೇ ಬಳಗದ ಪಾಲಿ ಅಲ್ಯೂಮಿನಿಯಂ ಕ್ಲೋರೈಡನ್ನೋ ಬೆರೆಸಿ ರಭಸವಾಗಿ ಕಲಕುತ್ತಾರೆ. ಮಳೆಗಾಲದ ಕೆಂಪು ನೀರಿನಲ್ಲಿರುವ ಜೇಡಿಯ ಕಣಗಳು ತೀರಾ ಸಣ್ಣವು, ಎಷ್ಟು ದಿನ ಇಟ್ಟರೂ ತಾವಾಗಿ ತಳ ಸೇರುವುದಿಲ್ಲ. ಅವುಗಳ ಮೇಲೆಲ್ಲ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಪಟಿಕ ಆ ದೂಡಾಟವನ್ನು ನಿಲ್ಲಿಸುತ್ತದೆ. ಕಣಗಳು ಅಂಟಿಕೊಂಡು ಹಿಂಜಿದ ಹತ್ತಿಯಂತಾಗಿ, ನೀರು ನಿಧಾನವಾಗಿ ಸುತ್ತುವ ದೊಡ್ಡ ತೊಟ್ಟಿಗಳಲ್ಲಿ ಕೆಳಗಿಳಿಯುತ್ತವೆ. ಬಹಳಷ್ಟು ಸೂಕ್ಷ್ಮಜೀವಿಗಳೂ ಅವುಗಳ ಜೊತೆ ತಳ ಸೇರುತ್ತವೆ.

ಬಿಂದಿಗೆಯಲ್ಲಿ ಪಟಿಕ ಆಡಿಸುತ್ತಿದ್ದ, ಮಡಕೆಯ ಒಳಮೈಗೆ ಕತಕದ ಬೀಜ ತೇಯುತ್ತಿದ್ದ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ.

ಉಳಿದದ್ದನ್ನು ಮರಳಿನ ಹಾಸುಗಳು ಹಿಡಿಯುತ್ತವೆ. ಆ ಬಳಿಕವೇ ಕ್ಲೋರಿನ್ ಸೇರುವುದು, ಅದೂ ಕನಿಷ್ಠ ಅರ್ಧ ಗಂಟೆ ನೀರಿನಲ್ಲಿದ್ದು ಕೆಲಸ ಮಾಡುವಂತೆ. ನೀರು ಬಗ್ಗಡವಾಗಿದ್ದರೆ ಕ್ಲೋರಿನ್ ಮಣ್ಣಿನ ಮೇಲೆಯೇ ಖರ್ಚಾಗಿ ಹೋಗುತ್ತದೆ, ರೋಗಾಣುಗಳಿಗೆ ಕಣಗಳ ಮರೆ ಸಿಗುತ್ತದೆ. ಅದಕ್ಕೇ ನೀರು ತಿಳಿಯಾಗುವುದು ಮೊದಲು, ಕ್ಲೋರಿನ್ ಆಮೇಲೆ.

ತಪ್ಪು ಕಲ್ಪನೆ: ನಲ್ಲಿ ತಿರುಗಿಸಿದಾಗ ಔಷಧಿ ವಾಸನೆ ಬಂದರೆ ಆ ನೀರು ಆರೋಗ್ಯಕ್ಕೆ ಕೆಟ್ಟದ್ದು

ವಾಸ್ತವ: ತುಸು ವಾಸನೆ ಬಂದರೆ ಸಂತೋಷಪಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500ರ ಪ್ರಕಾರ ಬಳಕೆದಾರರ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವೈರಾಣುಗಳ ಭಯವಿದ್ದರೆ 0.5 ಮಿಲಿಗ್ರಾಂ ಇರಬೇಕು. ಉಳಿಸುವುದು ಯಾಕೆಂದರೆ, ಘಟಕ ಬಿಟ್ಟ ಮೇಲೆ ನೀರಿಗೆ ಕಾವಲಿರುವುದು ಇದೊಂದೇ. ದಾರಿಯಲ್ಲಿ ಏನಾದರೂ ಸೇರಿದರೆ ಅದರ ಜೊತೆ ಸೆಣಸಿ ಕ್ಲೋರಿನ್ ತಾನು ಮುಗಿದುಹೋಗುತ್ತದೆ. ಆದ್ದರಿಂದ ದಿನವೂ ಬರುತ್ತಿದ್ದ ವಾಸನೆ ಒಂದು ದಿನ ಪೂರ್ತಿ ನಿಂತುಹೋದರೆ ಆಗ ಅನುಮಾನಪಡಬೇಕು.

ಕ್ಲೋರಿನ್ ಬಗ್ಗೆ ಇರುವ ಭಯ ಬುಡವಿಲ್ಲದ್ದೇನೂ ಅಲ್ಲ. ಕೊಳೆತ ಎಲೆ, ಪಾಚಿಯ ಅಂಶಗಳ ಜೊತೆ ಕ್ಲೋರಿನ್ ಸೇರಿದಾಗ ಟ್ರೈಹಾಲೋಮೀಥೇನ್ ಎಂಬ ವಸ್ತುಗಳು ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ. 1974ರಲ್ಲಿ ನೆದರ್ಲೆಂಡ್ಸ್‌ನ ರಸಾಯನ ವಿಜ್ಞಾನಿ ರೂಕ್ ಇದನ್ನು ತೋರಿಸಿಕೊಟ್ಟರು. ಅವುಗಳಿಗೂ ಮಾನದಂಡದಲ್ಲಿ ಮಿತಿ ಇದೆ. ಆದರೆ ಈ ಅಪಾಯ, ಕ್ಲೋರಿನ್ ಹಾಕದೆ ಬಿಟ್ಟರೆ ಬರುವ ಟೈಫಾಯ್ಡ್, ಕಾಲರಾಗಳ ಮುಂದೆ ತೀರಾ ಚಿಕ್ಕದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ತನ್ನ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸತೊಡಗಿದ ಮೇಲೆ ಒಂದಾದ ಮೇಲೊಂದು ನಗರ ಅದೇ ದಾರಿ ಹಿಡಿದವು, ಟೈಫಾಯ್ಡ್ ಸಾವುಗಳು ಇಳಿದವು. ವಾಸನೆ ಸಹಿಸಲಾಗದವರು ಕುಡಿಯುವ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತುಸು ಹೊತ್ತು ಬಿಟ್ಟರೆ ಹಾರಿಹೋಗುತ್ತದೆ.

ತಪ್ಪು ಕಲ್ಪನೆ: ಘಟಕದಲ್ಲಿ ಶುದ್ಧವಾಗಿ ಹೊರಟ ನೀರು ಮನೆಯಲ್ಲೂ ಶುದ್ಧವೇ

ವಾಸ್ತವ: ನನ್ನ ಪ್ರಕಾರ ಈ ಬರಹದಲ್ಲಿ ಮುಖ್ಯವಾದದ್ದು ಇದೇ. ನಮ್ಮ ಊರುಗಳಲ್ಲಿ ನೀರು ಕೆಡುವುದು ಬಹುಪಾಲು ಶುದ್ಧೀಕರಣದ ನಂತರ.

ನಮ್ಮಲ್ಲಿ ನೀರು ದಿನ ಬಿಟ್ಟು ದಿನ, ಎಷ್ಟೋ ಊರುಗಳಲ್ಲಿ ವಾರಕ್ಕೊಮ್ಮೆ ಬಿಡುತ್ತಾರೆ. ವಾಟರ್‌ಮ್ಯಾನ್ ವಾಲ್ವ್ ಮುಚ್ಚಿದ ಮೇಲೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಒತ್ತಡವಿದ್ದಾಗ ಹೊರಕ್ಕೆ ಸೋರುತ್ತಿದ್ದ ಬಿರುಕು, ಸಡಿಲ ಜಾಯಿಂಟುಗಳೇ ಈಗ ಒಳಕ್ಕೆ ಎಳೆದುಕೊಳ್ಳುವ ಬಾಯಿಗಳಾಗುತ್ತವೆ. ಪಕ್ಕದಲ್ಲೇ ಚರಂಡಿ ಕೊಳವೆಯಿದ್ದು ಅದೂ ಸೋರುತ್ತಿದ್ದರೆ ಮುಂದೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ, ನೀರು ಬಂದ ಕೂಡಲೇ ಮನೆ ಮನೆಯಲ್ಲೂ ಮೋಟಾರು ಹಾಕಿ ಪೈಪಿನಿಂದ ನೇರ ಎಳೆಯುತ್ತಾರೆ. ಕಾನೂನು ಇದಕ್ಕೆ ಬಿಡುವುದಿಲ್ಲ, ಆದರೂ ನಡೆಯುತ್ತದೆ. ಆ ಎಳೆತಕ್ಕೆ ಪೈಪಿನ ಸುತ್ತಲಿನ ಕೊಳೆಯೂ ಜೊತೆಗೆ ಬರುತ್ತದೆ.

ಇದನ್ನು ಅಳೆದು ನೋಡಿದ್ದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ. ಅಲ್ಲಿನ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದಿತ್ತು. ಉಳಿದ ವಾರ್ಡುಗಳಿಗೆ ಮೊದಲಿನಂತೆ ಬಿಟ್ಟು ಬಿಟ್ಟು ಬರುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸದಾ ಒತ್ತಡವಿದ್ದ ಕೊಳವೆಗಳ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಕಂಡದ್ದು ನೂರು ಮಾದರಿಗಳಲ್ಲಿ ಒಂದಕ್ಕೂ ಕಡಿಮೆ. ಬಿಟ್ಟು ಬಿಟ್ಟು ಬರುವ ಕಡೆ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಮಾದರಿಯಲ್ಲಿತ್ತು. ಊರು ಒಂದೇ, ಬದಲಾಗಿದ್ದು ಕೊಳವೆಯೊಳಗಿನ ಒತ್ತಡ. ನೀರು ಬಿಟ್ಟ ಮೊದಲ ಕೆಲವು ನಿಮಿಷಗಳಲ್ಲಿ ಬರುವುದೇ ಹೆಚ್ಚು ಕೆಟ್ಟದ್ದೆಂದೂ ಅಲ್ಲಿನ ಮುಂದಿನ ಅಧ್ಯಯನ ತೋರಿಸಿತು. ಆದ್ದರಿಂದ ಮೊದಲು ಬಂದ ನೀರನ್ನು ಗಿಡಕ್ಕೋ ಅಂಗಳಕ್ಕೋ ಬಿಟ್ಟು ಆಮೇಲೆ ಬಿಂದಿಗೆ ಇಡುವುದು ಒಳ್ಳೆಯದು. ಬೀದಿ ನಲ್ಲಿಯಲ್ಲಿ ನೀರು ಹಿಡಿದ ಹೆಂಗಸರು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದರು.

ಇನ್ನು ನಮ್ಮದೇ ಆವರಣದ ಕಥೆ. ರಸ್ತೆಯ ಪೈಪಿನಿಂದ ನೀರು ಬೀಳುವುದು ಸಂಪಿಗೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಮುಂದೆ ಉಳಿಯುವ ಅಂಗೈಯಗಲ ಜಾಗದಲ್ಲೇ ಸಂಪೂ ಡ್ರೈನೇಜ್ ಚೇಂಬರೂ ಅಕ್ಕಪಕ್ಕ ಕೂತಿರುತ್ತವೆ. ಚೇಂಬರ್ ಕಟ್ಟಿಕೊಂಡು ಉಕ್ಕಿದರೆ, ಸಂಪಿನ ಗೋಡೆ ಬಿರುಕು ಬಿಟ್ಟಿದ್ದರೆ ನೀರಿನ ಮಂಡಳಿಯನ್ನು ಬೈದು ಪ್ರಯೋಜನವಿಲ್ಲ. ಸಂಪಿನ ಮುಚ್ಚಳದ ಮೇಲೆಯೇ ಬೈಕು ತೊಳೆಯುವವರನ್ನೂ ನೋಡಿದ್ದೇನೆ. ನಾಲ್ಕು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಅಲ್ಲಿಂದ ಅದು ಬಿಸಿಲಿಗೆ ಕಾಯುವ ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ. ಬಹಳ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. ‘ನಮ್ಮದು ಕಾವೇರಿ ನೀರು’ ಎಂದು ಅಂದುಕೊಂಡವರು ನಿಜವಾಗಿ ಕುಡಿಯುತ್ತಿರುವುದು ಏನನ್ನು ಎಂಬುದು ಸೆಕ್ಯುರಿಟಿಯವನಿಗೆ ಮಾತ್ರ ಗೊತ್ತು.

ಸಂಪು, ಟ್ಯಾಂಕುಗಳನ್ನು ಆರು ತಿಂಗಳಿಗೊಮ್ಮೆ ಖಾಲಿ ಮಾಡಿಸಿ ಉಜ್ಜಿಸಿ. ಗಲೀಜಿನ ಅನುಮಾನ ಬಂದಾಗ 1000 ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಕು. ಅದನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹೊಯ್ದು, ಅರ್ಧ ಗಂಟೆ ಬಿಟ್ಟು ಬಳಸಿ. ಹಳೆಯ, ಗಾಳಿಯಾಡಿದ ಪೌಡರಿನಲ್ಲಿ ಕಸುವು ಇರುವುದಿಲ್ಲ.

ತಪ್ಪು ಕಲ್ಪನೆ: ಟಿಡಿಎಸ್ ಕಡಿಮೆ ಇದ್ದಷ್ಟೂ ನೀರು ಶುದ್ಧ

ವಾಸ್ತವ: ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಘನವಸ್ತುಗಳ ಒಟ್ಟು ಪ್ರಮಾಣ. ಅದನ್ನು ತೋರಿಸುವ ಪೆನ್ನಿನ ಗಾತ್ರದ ಮೀಟರ್ ನಿಜಕ್ಕೂ ಅಳೆಯುವುದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಕರಗಿದ ಲವಣ ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ಅದರಿಂದ ಲವಣದ ಅಂದಾಜು ಸಿಗುತ್ತದೆ. ಆ ಲವಣ ಸುಣ್ಣದ ಅಂಶವೋ, ಮೆಗ್ನೀಸಿಯಮ್ಮೋ, ಫ್ಲೋರೈಡೋ ಎಂದು ಅದು ಬಿಡಿಸಿ ಹೇಳುವುದಿಲ್ಲ. ಇ-ಕೋಲಿ, ಕಾಮಾಲೆಯ ವೈರಾಣು, ಕೀಟನಾಶಕ ಇವ್ಯಾವುವೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. 80 ಟಿಡಿಎಸ್ ಇರುವ ಮಳೆನೀರಿನ ಹೊಂಡದಲ್ಲಿ ಕಾಲರಾ ಇರಬಹುದು, 450 ಇರುವ ತೆರೆದ ಬಾವಿಯ ನೀರು ನಿರಪಾಯವಾಗಿರಬಹುದು. ಟಿಡಿಎಸ್ ನೋಡಿ ನೀರಿನ ಶುದ್ಧತೆ ಹೇಳುವುದು, ತೂಕದ ಯಂತ್ರ ಹತ್ತಿಸಿ ಜ್ವರ ಇದೆಯೋ ಇಲ್ಲವೋ ಹೇಳಿದಂತೆ.

ಮಾನದಂಡ ಒಪ್ಪುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೆ ಬಿಡುತ್ತಾರೆ. ಬಾಯಿರುಚಿಯ ಮಟ್ಟಿಗೆ 600ರ ಒಳಗಿದ್ದರೆ ಚೆನ್ನ, 1000 ದಾಟಿದರೆ ಕುಡಿಯಲು ಹಿತವಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾವೇರಿ ನೀರು 500ರ ಗೆರೆಗಿಂತ ಬಹಳ ಕೆಳಗಿರುತ್ತದೆ. ಅದನ್ನು ಇನ್ನೂ ಇಳಿಸಿ 20ಕ್ಕೆ ತರುವುದರಲ್ಲಿ ಆರೋಗ್ಯಕ್ಕೆ ಲಾಭವಿಲ್ಲ, ಮೀಟರಿನ ಅಂಕಿ ನೋಡಿ ಮನಸ್ಸಿಗೆ ಸಮಾಧಾನ ಅಷ್ಟೆ.

ಈ ಮೀಟರಿನ ಜೊತೆ ಬರುವ ಇನ್ನೊಂದು ಚಮತ್ಕಾರವನ್ನು ನೀವೂ ನೋಡಿರಬಹುದು. ಮನೆಗೆ ಬಂದ ಮಾರಾಟಗಾರ ಎರಡು ಲೋಟ ಇಡುತ್ತಾನೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಮಷಿನ್ ನೀರು. ನಾಲ್ಕು ಕಡ್ಡಿಗಳಿರುವ ಸಾಧನ ಇಳಿಬಿಟ್ಟು ಸ್ವಿಚ್ ಒತ್ತುತ್ತಾನೆ. ಒಂದೇ ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆಲ್ಲ ಕೆಸರು ತೇಲುತ್ತದೆ. ಮಷಿನ್ ನೀರು ಹಾಗೇ ಇರುತ್ತದೆ. ‘ನೋಡಿ ಮೇಡಂ, ಮಕ್ಕಳು ಕುಡೀತಿರೋದು ಇದನ್ನೇ’ ಎಂದಾಗ ಅಮ್ಮಂದಿರ ಮುಖ ನೋಡಬೇಕು.

ಆ ಕೆಸರು ನೀರಿನಲ್ಲಿ ಇರಲೇ ಇಲ್ಲ. ಪ್ರತಿ ಲೋಟಕ್ಕೂ ಇಳಿದ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ಕರೆಂಟು ಹರಿದಾಗ ಆ ಕಡ್ಡಿಯೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ಮಷಿನ್ ನೀರಿನಲ್ಲಿ ಲವಣವಿಲ್ಲ, ಕರೆಂಟು ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಇನ್ನೊಮ್ಮೆ ಯಾರಾದರೂ ಬಂದರೆ ಅವರ ಮಷಿನ್ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಅದೇ ಕಡ್ಡಿ ಇಳಿಸಿ ತೋರಿಸಿ ಎನ್ನಿ. ಅದೂ ಕಂದಾಗುತ್ತದೆ.

ತಪ್ಪು ಕಲ್ಪನೆ: ಎಲ್ಲಕ್ಕಿಂತ ಒಳ್ಳೆಯದು ಆರ್‌ಒ, ಯಾವ ನೀರಿಗೂ ಅದನ್ನೇ ಹಾಕಿಸಿಬಿಡಬೇಕು

ವಾಸ್ತವ: ಆರ್‌ಒ ಅಂದರೆ ರಿವರ್ಸ್ ಆಸ್ಮೋಸಿಸ್. ಅದು ಹುಟ್ಟಿದ್ದು ಸಮುದ್ರದ ಉಪ್ಪು ನೀರನ್ನು ಸಿಹಿ ಮಾಡಲು. 1960ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಇದಕ್ಕೆ ಬೇಕಾದ ತೆಳು ಪೊರೆಯನ್ನು ರೂಪಿಸಿದರು. ನೀರನ್ನು ಒತ್ತಡದಿಂದ ಪೊರೆಯ ಮೂಲಕ ತಳ್ಳಿದರೆ ಲವಣ ಹಿಂದೆ ಉಳಿಯುತ್ತದೆ. ಹಿಂದೆ ಉಳಿದದ್ದನ್ನು ತೊಳೆದು ಹೊರಹಾಕಲು ಇನ್ನಷ್ಟು ನೀರು ಬೇಕು. ಅಡುಗೆಮನೆಯ ಸಾಮಾನ್ಯ ಮಷಿನ್ ಒಂದು ಲೀಟರ್ ಕೊಟ್ಟು ಮೂರು ಲೀಟರ್ ಹೊರಬಿಡುತ್ತದೆ ಎಂದುಕೊಳ್ಳಿ. ದಿನಕ್ಕೆ 20 ಲೀಟರ್ ಬಳಸುವ ಮನೆಯಿಂದ ತಿಂಗಳಿಗೆ 1,800 ಲೀಟರ್ ಚರಂಡಿಗೆ ಹೋಯಿತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕ್ಯೂ ನಿಂತ ಊರು ಇದು.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ, ಉಳಿದ ಕಡೆ ನೂರರಲ್ಲಿ ಕನಿಷ್ಠ 60 ಪಾಲು ನೀರನ್ನಾದರೂ ಮಷಿನ್ ಉಳಿಸಿಕೊಡುವಂತೆ ನಿಯಮ ತರಲು ಕೇಂದ್ರ ಸರ್ಕಾರಕ್ಕೆ ಹೇಳಿತು. ಅಂಗಡಿಗಳಲ್ಲಿ ಮಾತ್ರ ಕಾವೇರಿ ಬರುವ ಬಡಾವಣೆಗೂ ಇವತ್ತಿಗೂ ಆರ್‌ಒ ಮಾರುತ್ತಾರೆ.

ಹಾಗಾದರೆ ಕಾವೇರಿ ನೀರಿಗೆ ಏನು ಸಾಕು? ಈಗಾಗಲೇ ಹೇಳಿದಂತೆ ಅಲ್ಲಿನ ಭಯ ಲವಣದ್ದಲ್ಲ, ದಾರಿಯಲ್ಲಿ ಸೇರುವ ರೋಗಾಣುಗಳದ್ದು. ಅದಕ್ಕೆ ಯುವಿ, ಅಂದರೆ ನೇರಳಾತೀತ ಬೆಳಕು ಇರುವ ಸಾಧಾರಣ ಮಷಿನ್, ಅಥವಾ ಸಣ್ಣ ರಂಧ್ರದ ಯುಎಫ್ ಪೊರೆಯ ಮಷಿನ್, ಅಥವಾ ಒಲೆ ಸಾಕು. ನೀರು ವ್ಯರ್ಥವಾಗುವುದಿಲ್ಲ, ಬೆಲೆಯೂ ಕಡಿಮೆ. ಯುವಿ ಬಗ್ಗೆ ಒಂದು ಎಚ್ಚರ: ನೀರು ತಿಳಿಯಾಗಿದ್ದರೆ ಮಾತ್ರ ಆ ಬೆಳಕು ಒಳಗೆ ತಲುಪುತ್ತದೆ. ದೀಪ ನೀಲಿಯಾಗಿ ಉರಿಯುತ್ತಲೇ ಇದ್ದರೂ ಕಾಲ ಕಳೆದಂತೆ ಕ್ರಿಮಿ ಕೊಲ್ಲುವ ಕಿರಣ ಕ್ಷೀಣಿಸುತ್ತದೆ. ಕಂಪನಿ ಹೇಳಿದ ಅವಧಿಗೆ ದೀಪ ಬದಲಿಸಿ.

ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಸಾವಿರ ಅಡಿ ಕೊರೆದು ತೆಗೆದ ನೀರಿನ ವಿಷಯವೇ ಬೇರೆ. ಅಲ್ಲಿ ಫ್ಲೋರೈಡ್ ಇದೆ. ಮಾನದಂಡದ ಕೊನೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ, ಸೊಂಟ ಬಗ್ಗುವುದಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಆಸುಪಾಸಿನಲ್ಲಿ ಆರ್ಸೆನಿಕ್ ಕಂಡಿದೆ. ಗೊಬ್ಬರ, ಒಳಚರಂಡಿ ಇಂಗಿದ ಕಡೆ ನೈಟ್ರೇಟ್ ಇರುತ್ತದೆ. ಇಂಥ ನೀರಿಗೆ ಆರ್‌ಒ ಬೇಕೇ ಬೇಕು. ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕಗಳು ಮಾಡುತ್ತಿರುವುದು ಇದನ್ನೇ. ಅವು ಕೆಟ್ಟು ನಿಂತಾಗ ಜನ ಮತ್ತೆ ಬೋರ್‌ವೆಲ್ ನೀರಿಗೆ ಮರಳುತ್ತಾರೆ. ಬೆಂಗಳೂರಿನ ಅಡುಗೆಮನೆಯ ಆರ್‌ಒಗಿಂತ ಆ ಘಟಕಗಳ ರಿಪೇರಿ ನೂರು ಪಾಲು ಮುಖ್ಯ.

ಇಲ್ಲಿ ಮಷಿನ್ ಮಾರುವವರು ಹೇಳದ ಒಂದು ಮಾತಿದೆ. ‘ಖನಿಜ ಉಳಿಸುತ್ತೇವೆ’ ಎನ್ನುವ ಹಲವು ಮಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುತ್ತದೆ. ಅದು ಆರ್‌ಒ ಪೊರೆಯನ್ನು ದಾಟದ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತದೆ. ಮೂಲ ನೀರಿನಲ್ಲಿ ಫ್ಲೋರೈಡ್ ಇದ್ದರೆ ತೆಗೆದ ಫ್ಲೋರೈಡೂ ಹಿಂಬಾಗಿಲಿಂದ ವಾಪಸ್ಸು. ಬೋರ್‌ವೆಲ್ ಮನೆಯವರು ಆ ತಿರುಪು ಮುಚ್ಚಿಸಿಡುವುದು ಕ್ಷೇಮ.

ತಪ್ಪು ಕಲ್ಪನೆ: ಆರ್‌ಒ ಹೊರಬಿಡುವ ನೀರು ವಿಷ, ಮುಟ್ಟಬಾರದು

ವಾಸ್ತವ: ಲೆಕ್ಕ ಹಾಕಿ. 200 ಟಿಡಿಎಸ್ ಇರುವ ನಾಲ್ಕು ಲೀಟರ್ ಒಳಗೆ ಹೋಗಿ, 20 ಟಿಡಿಎಸ್ ಇರುವ ಒಂದು ಲೀಟರ್ ಲೋಟಕ್ಕೆ ಬಂದರೆ, ಉಳಿದ ಮೂರು ಲೀಟರಿನ ಟಿಡಿಎಸ್ 260. ಪಾತ್ರೆ, ಬಟ್ಟೆ, ನೆಲ, ಗಿಡ ಎಲ್ಲಕ್ಕೂ ಆಗುತ್ತದೆ. ಆ ಕೊಳವೆಯನ್ನು ಸಿಂಕಿನಿಂದ ತೆಗೆದು ಬಕೆಟಿಗೆ ಇಳಿಬಿಡಿ. ಮೂಲ ನೀರೇ ಸಾವಿರ ಟಿಡಿಎಸ್ ಮೀರಿದ ಬೋರ್‌ವೆಲ್ ಆಗಿದ್ದರೆ ಮಾತ್ರ ಕುಂಡದ ಗಿಡಕ್ಕೆ ಬೇಡ, ಶೌಚಾಲಯಕ್ಕಿರಲಿ.

ತಪ್ಪು ಕಲ್ಪನೆ: ಆರ್‌ಒ ನೀರು ಕುಡಿದರೆ ಕ್ಯಾಲ್ಸಿಯಂ ಹೋಗಿ ಮೂಳೆ ಸವೆಯುತ್ತದೆ

ವಾಸ್ತವ: ಮಷಿನ್ ವಿರೋಧಿಗಳ ಅತಿರೇಕ ಇದು. ನಮಗೆ ಖನಿಜ ಬರುವುದು ಮುಖ್ಯವಾಗಿ ಊಟದಿಂದ. ನೂರು ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕಾವೇರಿ ನೀರಿಗೆ ಆರ್‌ಒ ಬೇಡ ಎನ್ನಲು ನೀರಿನ ದಂಡವೇ ಸಾಕಾದ ಕಾರಣ. ಮೂಳೆಯ ಭಯ ಹುಟ್ಟಿಸಬೇಕಿಲ್ಲ.

ತಪ್ಪು ಕಲ್ಪನೆ: ಚೆನ್ನಾಗಿ ಕುದಿಸಿಬಿಟ್ಟರೆ ಯಾವ ನೀರಾದರೂ ಸರಿ

ವಾಸ್ತವ: ಅರ್ಧ ಸತ್ಯ. ರೋಗಾಣುಗಳ ಮಟ್ಟಿಗೆ ಕುದಿಸುವುದಕ್ಕೆ ಸಮನಾದದ್ದು ಮತ್ತೊಂದಿಲ್ಲ. ಗುಳ್ಳೆ ಎದ್ದು ಕೊತಕೊತ ಕುದಿದು ಒಂದು ನಿಮಿಷವಾದರೆ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಸುಡಬೇಕಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ರೋಗಾಣು ಸಾಯಲು ಅದು ಧಾರಾಳ. ಆದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಕುದಿತಕ್ಕೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟು ಅವು ಇನ್ನೂ ಗಟ್ಟಿಯಾಗುತ್ತವೆ. ಪಾವಗಡದ ಅಮ್ಮ ಮಗುವಿಗೆಂದು ಬೋರ್‌ವೆಲ್ ನೀರನ್ನು ಎರಡು ಸಲ ಕುದಿಸಿದರೆ ಕಾಳಜಿಯಿಂದಲೇ ಕೆಡುಕು ಮಾಡಿದಂತೆ.

ಕುದಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರಿನ ಗುರುತು ಅದು, ವಿಷವಲ್ಲ, ‘ಕಿಡ್ನಿ ಕಲ್ಲು’ ಕೂಡ ಅಲ್ಲ. ಕುದಿಸಿ ಆರಿದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲವಾದ್ದರಿಂದ ಕೈ ಅದ್ದಿ ಲೋಟ ಮುಳುಗಿಸಿದರೆ ಮತ್ತೆ ಕೆಡುತ್ತದೆ. ನಲ್ಲಿ ಇರುವ ಪಾತ್ರೆಯೋ, ಉದ್ದ ಹಿಡಿಯ ಸೌಟೋ ಇರಲಿ.

ತಪ್ಪು ಕಲ್ಪನೆ: ಕ್ಯಾಂಡಲ್ ಫಿಲ್ಟರ್, ತಾಮ್ರದ ಚೊಂಬು ಎಲ್ಲ ಹಳೇ ಕಾಲದ ನಂಬಿಕೆ

ವಾಸ್ತವ: ಎರಡಕ್ಕೂ ಆಧಾರವಿದೆ, ಎರಡಕ್ಕೂ ಮಿತಿಯಿದೆ. ಒಳ್ಳೆಯ ಸೆರಾಮಿಕ್ ಕ್ಯಾಂಡಲ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ತೀರಾ ಸಣ್ಣದಾದ ವೈರಾಣುಗಳು ನುಸುಳುತ್ತವೆ. ಕ್ಯಾಂಡಲನ್ನು ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಸೋಪು ಮುಟ್ಟಿಸಬೇಡಿ, ಕೂದಲೆಳೆ ಬಿರುಕು ಬಿಟ್ಟರೂ ಎಸೆಯಿರಿ. ತಾಮ್ರದ ವಿಷಯದಲ್ಲಿ ಬೆಂಗಳೂರಿನದೇ ಒಂದು ಆಯುರ್ವೇದ ಸಂಶೋಧನಾ ಸಂಸ್ಥೆಯ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬೇಕೆಂದೇ ಭೇದಿಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಮತ್ತೆ ಬೆಳೆಸಲಾಗದಷ್ಟು ಇಲ್ಲವಾದವು. ನೀರಿಗಿಳಿದ ತಾಮ್ರವೂ ಮಿತಿಯೊಳಗಿತ್ತು. ಗಮನಿಸಬೇಕಾದದ್ದು 16 ಗಂಟೆ ಎಂಬುದನ್ನು. ಬೆಳಿಗ್ಗೆ ತುಂಬಿಸಿ ಒಂಬತ್ತಕ್ಕೆ ಆಫೀಸಿನಲ್ಲಿ ಕುಡಿಯುವ ತಾಮ್ರದ ಬಾಟಲಿ ಅಲಂಕಾರಕ್ಕೆ.

ತಪ್ಪು ಕಲ್ಪನೆ: ಕ್ಯಾನ್ ನೀರು ನಲ್ಲಿ ನೀರಿಗಿಂತ ಸುರಕ್ಷಿತ

ವಾಸ್ತವ: ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಬರುವುದು ಸಾಮಾನ್ಯವಾಗಿ ಬೋರ್‌ವೆಲ್ ನೀರು, ಆರ್‌ಒ ದಾಟಿ ಬಂದದ್ದು. ಘಟಕ ಚೊಕ್ಕವಾಗಿದ್ದು, ಕ್ಯಾನನ್ನು ಸರಿಯಾಗಿ ತೊಳೆದಿದ್ದರೆ ತೊಂದರೆಯಿಲ್ಲ. ಸೀಲು, ತಯಾರಾದ ತಾರೀಕು, ಪರವಾನಗಿ ಸಂಖ್ಯೆ ಇಲ್ಲದ, ಮುಚ್ಚಳದ ಮೇಲೆ ಬರೀ ಪ್ಲಾಸ್ಟಿಕ್ ಎಳೆದ ಕ್ಯಾನನ್ನು ನಂಬಲು ಕಾರಣವೇ ಇಲ್ಲ. ಮನೆಗೆ ಬಂದ ಮೇಲೆ ಅದನ್ನು ಬೋರಲು ಹಾಕುವ ಡಿಸ್ಪೆನ್ಸರನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಒಮ್ಮೆ ನೆನಪಿಸಿಕೊಳ್ಳಿ.

ತಪ್ಪು ಕಲ್ಪನೆ: ನಲ್ಲಿಯಿಂದ ಹಾಲಿನಂತೆ ಬೆಳ್ಳಗೆ ಬಂದರೆ ಪೌಡರ್ ಹೆಚ್ಚಾಗಿದೆ

ವಾಸ್ತವ: ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿಯ ಗುಳ್ಳೆ. ಮೇಲಿಂದ ಕೆಳಕ್ಕೆ ತಿಳಿಯಾಗಿ ತಳದಲ್ಲಿ ಗಸಿ ಕೂತರೆ ಆಗ ಯೋಚಿಸಿ.

ತಪ್ಪು ಕಲ್ಪನೆ: ಹಿಂದಿನವರು ಕೆರೆ ಬಾವಿ ನೀರು ಕುಡಿದು ಗಟ್ಟಿಮುಟ್ಟಾಗಿದ್ದರು

ವಾಸ್ತವ: ಈ ಮಾತು ಹೇಳಲು ಇವತ್ತು ಇರುವವರು ಬದುಕುಳಿದವರು. ಕಾಲರಾ ಬಂದು ಊರಿಗೆ ಊರೇ ಖಾಲಿಯಾದ ಕಥೆಗಳು ಅದೇ ಅಜ್ಜಂದಿರ ಬಾಯಲ್ಲೇ ಇದ್ದವು. ನಾರುಹುಣ್ಣಿನ ಹೆಸರು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸಣ್ಣ ಜಲಚರದ ಮೂಲಕ ಹೊಟ್ಟೆ ಸೇರಿ, ವರ್ಷದ ನಂತರ ಕಾಲಿನ ಚರ್ಮ ಸೀಳಿಕೊಂಡು ಹೊರಬರುವ, ಮೊಳಕ್ಕೂ ಉದ್ದದ ಹುಳು ಅದು. ಈ ರೋಗ ಬೇರೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಕೊನೆಯ ಪ್ರಕರಣ 1996ರದ್ದು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಈ ರೋಗ ಓಡಿಸಿದ್ದಕ್ಕೆ ಲಸಿಕೆಯಾಗಲಿ ಮಾತ್ರೆಯಾಗಲಿ ಕಾರಣವಲ್ಲ. ಮೆಟ್ಟಿಲು ಬಾವಿಗೆ ಕಾಲಿಡದಂತೆ ಮಾಡಿದ್ದು, ಕೈಪಂಪು ಹಾಕಿಸಿದ್ದು, ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು, ಇಂಥ ಕೆಲಸಗಳೇ. ಆ ಜಲಚರಕ್ಕೆ ಬಟ್ಟೆ ಸಾಕಿತ್ತು. ಇ-ಕೋಲಿಗೆ ಸಾಲದು.

ಹಾಗಾದರೆ ಮೊದಲು ಮಾಡಬೇಕಾದ್ದೇನು

ಮಷಿನ್ ಅಂಗಡಿಗೆ ಹೋಗುವ ಮುಂಚೆ ನೀರನ್ನು ಪರೀಕ್ಷೆ ಮಾಡಿಸಿ. ಜಿಲ್ಲಾ ಕೇಂದ್ರಗಳಲ್ಲಿ ಕುಡಿಯುವ ನೀರಿನ ಸರ್ಕಾರಿ ಪ್ರಯೋಗಾಲಯಗಳಿವೆ, ಸಾರ್ವಜನಿಕರ ಮಾದರಿಗಳನ್ನೂ ನೋಡುತ್ತಾರೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ ಮತ್ತು ಇ-ಕೋಲಿ ಕೇಳಿ ಬರೆಸಿಕೊಳ್ಳಿ. ಮಾದರಿಯನ್ನು ನಲ್ಲಿಯಿಂದ ಒಂದು, ಸಂಪಿನಿಂದ ಒಂದು ಕೊಟ್ಟರೆ ಕೆಡುತ್ತಿರುವುದು ಎಲ್ಲಿ ಎಂಬುದೂ ಬಯಲಾಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಒಂದು ಅಗ್ಗದ ವಿಧಾನವೂ ಇದೆ. ಪರೀಕ್ಷೆಯ ರಾಸಾಯನಿಕವಿರುವ ಚಿಕ್ಕ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು, ಕಪ್ಪಾದರೆ ಮಲಿನ. ಎಚ್‌ಟುಎಸ್ ಬಾಟಲಿ ಎಂದು ಕೇಳಿದರೆ ಕೊಡುತ್ತಾರೆ. ಮಳೆ ಹಿಡಿದ ಮೊದಲ ವಾರಗಳಲ್ಲಿ ಇದನ್ನು ಮಾಡಿ, ಪೈಪಿಗೆ ಚರಂಡಿ ಸೇರುವುದು ಆಗಲೇ ಹೆಚ್ಚು.

ಬೆಂಗಳೂರಿನಲ್ಲಿ ನೀರು ನಾರಿದರೆ, ಬಣ್ಣ ತಿರುಗಿದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ. ಫಿಲ್ಟರ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ನಿಮ್ಮ ರಸ್ತೆಯಲ್ಲಿ ಫಿಲ್ಟರ್ ಇಲ್ಲದ ಮನೆಗಳೂ ಅದೇ ಪೈಪಿನ ನೀರು ಕುಡಿಯುತ್ತಿವೆ.